ಕೆರೆ ಏರಿಯಿಂದ ಹೆಡ್‌ಫೋನ್‌ವರೆಗೆ: ಕೋಲಾರ ಸೀಮೆಯಲ್ಲಿ ಸ್ವಂತ ಹಾಡು ಕಟ್ಟುವ ಬಗೆ

"ನಿಮ್ಮ ಮೇಲೆ ಯಾರ ಪ್ರಭಾವ ಇದೆ?" ಎಂದು ಕೇಳಿದರೆ ಹೊಸದಾಗಿ ಹಾಡು ಬರೆಯುವವರು ನಾಲ್ಕು ದೊಡ್ಡ ಹೆಸರು ಹೇಳಿ ಸುಮ್ಮನಾಗುತ್ತಾರೆ. ಹೆಸರನ್ನು ಇಟ್ಟುಕೊಂಡು ಹಾಡು ಕಟ್ಟಲು ಬರುವುದಿಲ್ಲ. ಪ್ರಭಾವ ಎನ್ನುವುದು ಕಿವಿ ಮಾಡಿದ ಸಾಲ. ಯಾರ ಹತ್ತಿರ, ಏನು, ಎಷ್ಟು ತಂದದ್ದು ಎಂದು ಬರೆದಿಟ್ಟುಕೊಂಡರೆ ಅದು ಕೈಗೆ ಸಿಗುವ ಸಾಮಾನಾಗುತ್ತದೆ. ಬರೆದಿಡದಿದ್ದರೆ ಯಾರದೋ ಪಲ್ಲವಿ ನಿಮ್ಮ ಬಾಯಲ್ಲಿ ಬಂದು, ಹಾಡು ಹೊರಗೆ ಬಿಟ್ಟ ಮೇಲೆ ಇನ್ನೊಬ್ಬರು ತೋರಿಸಿಕೊಡುತ್ತಾರೆ.

ಈ ಸೀಮೆಯಲ್ಲಿ ಆ ಸಾಲ ಬೇರೆ ಕಡೆಗಿಂತ ಹೆಚ್ಚು ಬಗೆಯದು. ಮುಳಬಾಗಿಲಿನ ಶ್ರೀಪಾದರಾಜರು 15ನೇ ಶತಮಾನದಲ್ಲಿ ರಂಗವಿಠಲ ಅಂಕಿತದಲ್ಲಿ ಕನ್ನಡ ದೇವರನಾಮ ಬರೆದರು. ಪಕ್ಕದ ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದರು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ಕೆಜಿಎಫ್‌ನಲ್ಲಿ ತಮಿಳು, ಚರ್ಚಿನ ಕಾಯರ್. ಪೇಟೆಯಲ್ಲಿ ದಖನಿ ಉರ್ದು. ಮನೆಯಲ್ಲಿ ಅಜ್ಜಿಯ ಸೋಬಾನೆ. ಬಸ್ಸಿನಲ್ಲಿ ಸಿನಿಮಾ ಹಾಡು. ಎಲ್ಲವೂ ಕಿವಿಯೊಳಗೆ ಇರುತ್ತವೆ. ಬೇಕಾದ್ದನ್ನು ಆರಿಸಿ ಹೊರಗೆ ತೆಗೆಯುವುದೇ ಕೆಲಸ.

ಸಾಲದ ಪಟ್ಟಿ

ಏಳು ಹಾಡು ಆರಿಸಿ, ಹತ್ತು ಬೇಡ. ಎರಡು ಮನೆಯದು: ಹಸೆಗೆ ಕರೆಯುವ ಪದ, ರಾಗಿ ಬೀಸುವ ಪದ, ಶನಿವಾರದ ಭಜನೆ, ಯಾವುದಾದರೂ. ಎರಡು ಬೀದಿಯದು: ತಮಟೆ, ಹರಿಕಥೆ, ಹೋರಾಟದ ಹಾಡು. ಉಳಿದ ಮೂರು ನಿಮ್ಮ ಫೋನಿನಲ್ಲಿ ಅತಿ ಹೆಚ್ಚು ಸಲ ಓಡಿದವು. ನಾಚಿಕೆಪಟ್ಟು ಒಳ್ಳೆಯ ಹಾಡುಗಳನ್ನಷ್ಟೇ ಆರಿಸಿದರೆ ಪಟ್ಟಿ ಸುಳ್ಳಾಗುತ್ತದೆ. ಕದ್ದು ಕೇಳುವ ಹಾಡೇ ಹೆಚ್ಚು ಒಳಗಿಳಿದಿರುತ್ತದೆ.

ಬೀದಿಯ ಹಾಡು ಫೋನಿನಲ್ಲಿ ಸರಿಯಾಗಿ ಸಿಗುವುದಿಲ್ಲ, ಹೋಗಿಯೇ ಕೇಳಬೇಕು. ಕೋಲಾರದ ಪಕ್ಕ ತೇರಹಳ್ಳಿ ಬೆಟ್ಟದಲ್ಲಿ ಆದಿಮ ಸಾಂಸ್ಕೃತಿಕ ಕೇಂದ್ರದವರು ಕಟ್ಟಿದ 'ಹುಣ್ಣಿಮೆ ಹಾಡು', ಗುರುಪೂರ್ಣಿಮೆಯ ಹೊತ್ತಿಗೆ ಕೈವಾರದ ಸಂಗೀತೋತ್ಸವ, ಊರ ಜಾತ್ರೆ, ಎಲ್ಲಾದರೂ ಆಗಲಿ. ಹೋದಾಗ ವೇದಿಕೆ ಮುಂದೆ ಕೂರದೆ ವಾದ್ಯದವರ ಪಕ್ಕಕ್ಕೆ ನಿಲ್ಲಿ. ಹಾಡುಗಾರ ಎಲ್ಲಿ ಉಸಿರು ತೆಗೆಯುತ್ತಾನೆ, ತಮಟೆಯವನು ಯಾವ ಪೆಟ್ಟಿಗೆ ಮೈ ಬಾಗಿಸುತ್ತಾನೆ ಎಂಬುದು ಅಲ್ಲಿಂದಲೇ ಕಾಣುವುದು.

ಪ್ರತಿ ಹಾಡನ್ನೂ ಮೂರು ಸಲ ಕೇಳಿ. ಮೊದಲ ಸಲ ತೊಡೆ ತಟ್ಟುತ್ತ ಎಣಿಕೆ ಹಿಡಿಯಿರಿ: ಮೂರೋ, ನಾಲ್ಕೋ, ಐದೋ, ಏಳೋ. ಎರಡನೇ ಸಲ ಪಲ್ಲವಿಯ ಒಂದು ಸಾಲಿಗೆ ಎಷ್ಟು ಮಾತ್ರೆ, ಸಾಲಿನ ಯಾವ ಜಾಗದಲ್ಲಿ ಉಸಿರು ಎಂದು ಬರೆಯಿರಿ. ಮೂರನೇ ಸಲ ಕೆಳಗಿನ ಸ್ವರ ಯಾವುದು, ಮೇಲಿನದು ಯಾವುದು ಎಂದು ಹಾರ್ಮೋನಿಯಂ ಅಥವಾ ಫೋನಿನ ಪಿಯಾನೋ ಆ್ಯಪ್‌ನಲ್ಲಿ ಹುಡುಕಿ. ಕೊನೆಗೆ ಒಂದೇ ವಾಕ್ಯ: ಈ ಹಾಡಿನಲ್ಲಿ ನನಗೆ ಹಿಡಿಸಿದ್ದು ಏನು? 'ಭಾವ' ಎಂದು ಬರೆದರೆ ಹೊಡೆದು ಹಾಕಿ. 'ಚರಣ ಮುಗಿದ ಮೇಲೆ ವಾದ್ಯ ನಿಂತು ಬರೀ ದನಿ ಉಳಿಯುವುದು' ಎನ್ನುವಂಥದು ಬೇಕು.

ಈಗ ಆರಿಸುವ ನಿಯಮ ಒಂದೇ: ಒಂದು ಹಾಡಿನಿಂದ ಒಂದು ಅಂಶ. ತಾಳ ತಮಟೆಯಿಂದ ಬಂದರೆ ರಾಗ ಅಲ್ಲಿಂದ ಬರಬಾರದು. ಸಾಲಿನ ಉದ್ದ ದೇವರನಾಮದಿಂದ ಬಂದರೆ ವಸ್ತು ಅಲ್ಲಿಂದ ಬರಬಾರದು. ಧಾಟಿಯೂ ತಾಳವೂ ಒಂದೇ ಹಾಡಿನಿಂದ ಬಂದವೆಂದರೆ ಕೇಳಿದವರು ಎರಡನೇ ಸಾಲಿಗೇ ಹಿಡಿದುಬಿಡುತ್ತಾರೆ. ಪರೀಕ್ಷೆಗೆ ಮಾತಿಲ್ಲದೆ ಧಾಟಿಯನ್ನಷ್ಟೇ ಗುನುಗಿ ಮನೆಯ ಹಿರಿಯರೊಬ್ಬರಿಗೆ ಕೇಳಿಸಿ. ಅವರು ಮುಂದಿನ ಸಾಲನ್ನು ಬೇರೆ ಹಾಡಿನ ಮಾತಿನಲ್ಲಿ ಮುಂದುವರಿಸಿದರೆ ಆ ಧಾಟಿ ಬಿಡಿ.

ತಾಳ ಮೊದಲು, ಮಾತು ಆಮೇಲೆ

ಗಿಟಾರ್ ಹಿಡಿದು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ನುಡಿಸುತ್ತ ಕನ್ನಡ ಸಾಲು ಹುಡುಕುವುದು ಎಲ್ಲರೂ ಮಾಡುವ ತಪ್ಪು. ಹಾಗೆ ಬಂದ ಸಾಲಿನಲ್ಲಿ ಒತ್ತು ಪದದ ನಡುವೆ ಬೀಳುತ್ತದೆ, ಹಾಡು ಅನುವಾದದಂತೆ ಕೇಳಿಸುತ್ತದೆ. ಕನ್ನಡದ ನಡೆ ಮಾತ್ರೆಯಲ್ಲಿದೆ. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ದೀರ್ಘಾಕ್ಷರ, ಅನುಸ್ವಾರ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಗುರು, ಎರಡು ಮಾತ್ರೆ. ಶಾಲೆಯಲ್ಲಿ ಛಂದಸ್ಸಿನ ಪಾಠಕ್ಕೆ ಬೈದುಕೊಂಡವರಿಗೂ ಇಷ್ಟು ನೆನಪಿರುತ್ತದೆ.

ಒಂದು ಸಾಲನ್ನು ಹತ್ತಿರದಿಂದ ನೋಡೋಣ. ವಸ್ತು: ಒಣಗಿದ ಕೆರೆ, ಮಳೆ ಇಲ್ಲ. ಎಣಿಕೆ: ಮೂರು ಮಾತ್ರೆಯ ನಾಲ್ಕು ಗಣ, ಸಾಲಿಗೆ ಹನ್ನೆರಡು. ಮೊದಲಿಗೆ ಬಾಯಿಗೆ ಬರುವುದು ಹೀಗೆ:

ಕೆರೆ ಏರಿಯ ಮೇಲೆ ನಿಂತುಕೊಂಡು ನಾನು

ಎಣಿಸಿದರೆ ಹದಿನೆಂಟು ಮಾತ್ರೆ. ಆರು ಹೆಚ್ಚು. ಅದಕ್ಕಿಂತ ದೊಡ್ಡ ತೊಂದರೆ: ಕೆ, ರೆ ಎರಡು ಮಾತ್ರೆ ಆದ ಮೇಲೆ 'ಏ' ಬರುತ್ತದೆ, ಅದು ಗುರು. ಮೂರನೇ ಮಾತ್ರೆ ಅದರ ಅರ್ಧಕ್ಕೆ ಮುಗಿಯುತ್ತದೆ, ತಮಟೆಯ ಪೆಟ್ಟು ಆ ಅಕ್ಷರದ ಹೊಟ್ಟೆಯ ಮೇಲೆ ಬೀಳುತ್ತದೆ. ಹಾಡುವಾಗ ನಾಲಿಗೆ ತೊಡರುವುದು ಇಲ್ಲೇ. 'ಕೊಂಡು ನಾನು' ಸರಿಯಾಗಿ ಆರು ಮಾತ್ರೆ. ಮುಂದಿನ ಸಾಲಿನ ಕ್ರಿಯಾಪದವೇ 'ನಾನು' ಎಂದು ಹೇಳುವುದರಿಂದ ಅದನ್ನು ತೆಗೆಯಬಹುದು. ಷಷ್ಠಿಯ 'ಯ'ವನ್ನು ಏರಿಯಿಂದ ಕಿತ್ತು ಕೆರೆಗೆ ಹಚ್ಚಿದರೆ ಗಣವೂ ಸರಿಹೋಗುತ್ತದೆ:

ಕೆರೆಯ | ಏರಿ | ಮೇಲೆ | ನಿಂತು
ಬರದ | ಮೋಡ | ಎಣಿಸು | ತಿರುವೆ

ಎರಡೂ ಸಾಲಿಗೆ ಹನ್ನೆರಡು. ಎರಡನೇ ಅಕ್ಷರ ಎರಡರಲ್ಲೂ ರಕಾರ, ಆದಿಪ್ರಾಸವೂ ಕೂತಿತು. 'ಬರದ ಮೋಡ' ಎಂದರೆ ಬಾರದೆ ಹೋದ ಮೋಡವೂ ಹೌದು, ಬರಗಾಲದ ಮೋಡವೂ ಹೌದು. ಇಂಥದ್ದು ಅಳತೆಗೆ ಪದ ಹುಡುಕುವಾಗ ಸಿಗುವ ಲಾಭ. 'ಎಣಿಸುತಿರುವೆ' ನಡುವೆ ಒಡೆದರೂ ತೊಂದರೆಯಿಲ್ಲ, ಒಡೆತ ಅಕ್ಷರದ ಗಡಿಯಲ್ಲೇ ಬಿದ್ದಿದೆ.

ಇದೇ ಮಾತನ್ನು ಮೂರು ನಾಲ್ಕರ ಮಿಶ್ರ ನಡೆಗೆ ತಂದರೆ 'ಕೆರೆಯ | ಏರಿಲಿ | ನಿಂತು | ಕೇಳಿದೆ' ಆಗುತ್ತದೆ, ಹದಿನಾಲ್ಕು ಮಾತ್ರೆ. ಕುಣಿತ ಹೋಗಿ ಯೋಚನೆ ಬರುತ್ತದೆ. ವಸ್ತುವಿಗೆ ಯಾವುದು ಸರಿ ಎಂದು ಎರಡನ್ನೂ ಹತ್ತು ಸಲ ಹಾಡಿ ತೀರ್ಮಾನಿಸಿ.

ಸಾಲನ್ನು ಎಳೆಯುವಾಗ ಎಚ್ಚರ ಬೇಕು. ಸಿನಿಮಾ ಧಾಟಿಯ ಅಭ್ಯಾಸದಿಂದ ಪದದ ಮೊದಲ ಲಘುವನ್ನು ಎಳೆದರೆ 'ಮರ' ಹೋಗಿ 'ಮಾರ' ಆಗುತ್ತಾನೆ, 'ಕಡು' ಹೋಗಿ 'ಕಾಡು' ಆಗುತ್ತದೆ. ಎಳೆತವನ್ನು ಗುರುವಿನ ಮೇಲೆ ಅಥವಾ ಪದದ ಕೊನೆಯ ಸ್ವರದ ಮೇಲೆ ಇಡಿ. ಭಾಷೆಯ ಮಟ್ಟವೂ ಹಾಗೆಯೇ. 'ಬರುವೆನು' ಮತ್ತು 'ಬತ್ತೀನಿ' ಒಂದೇ ಚರಣದಲ್ಲಿ ಇರಬಾರದು. ಊರ ಮಾತಿನಲ್ಲೇ ಬರೆಯುವುದಾದರೆ ಪಲ್ಲವಿಯಿಂದಲೇ ಶುರು ಮಾಡಿ. ತೆಲುಗು ಸಾಲು ನಡುವೆ ಬಂದರೂ ನಮ್ಮ ಕಡೆಯ ಕಿವಿಗೆ ಅದು ಹೊರಗಿನದೆನಿಸುವುದಿಲ್ಲ, ಆದರೆ ಮಾತ್ರೆ ಅದಕ್ಕೂ ಎಣಿಸಬೇಕು.

ರಾಗ, ಶ್ರುತಿ, ಗಿಟಾರಿನ ತಗಾದೆ

ಮೊದಲ ಹಾಡಿಗೆ ಐದು ಸ್ವರದ ರಾಗ ಸಾಕು. ಹಾರ್ಮೋನಿಯಂನ ಸಿ ಮನೆಯನ್ನು ಷಡ್ಜ ಎಂದು ಹಿಡಿದರೆ ಮಧ್ಯಮಾವತಿಗೆ ಸಿ, ಡಿ, ಎಫ್, ಜಿ, ಮತ್ತು ಎ-ಬಿ ನಡುವಿನ ಕರಿ ಮನೆ. ಮೋಹನಕ್ಕೆ ಸಿ, ಡಿ, ಇ, ಜಿ, ಎ, ಎಲ್ಲ ಬಿಳಿ ಮನೆಗಳೇ.

ತಗಾದೆ ಶುರುವಾಗುವುದು ಕಾರ್ಡ್ ಹಾಕುವಾಗ. ಮಧ್ಯಮಾವತಿಯ ಧಾಟಿಗೆ ಅಭ್ಯಾಸಬಲದಿಂದ ಸಿ ಮೇಜರ್ ಹಿಡಿದರೆ ಅದರೊಳಗಿನ ಇ, ಅಂದರೆ ಅಂತರ ಗಾಂಧಾರ, ರಾಗದಲ್ಲೇ ಇಲ್ಲ. ಹಾಡು ಹುಳಿಯಾಗುತ್ತದೆ, ಆದರೆ ಹಾಡುವವರು ತಮ್ಮ ದನಿಯೇ ತಪ್ಪಿತೆಂದು ಒದ್ದಾಡುತ್ತಾರೆ. ಆ ಐದು ಸ್ವರದೊಳಗೆ ಪೂರ್ತಿ ಕೂರುವ ಕಾರ್ಡ್ ಎರಡೇ: ಜಿ ಮೈನರ್, ಬಿ ಫ್ಲ್ಯಾಟ್ ಮೇಜರ್. ಷಡ್ಜಕ್ಕೆ ಬರೀ ಸಿ ಮತ್ತು ಜಿ ತಂತಿ ಮೀಟಿ, ಇಲ್ಲವೇ ಸಿ ಸಸ್-2 (ಸಿ, ಡಿ, ಜಿ) ಹಿಡಿಯಿರಿ. ಮೋಹನದಲ್ಲಿ ಸಿ ಮೇಜರ್, ಎ ಮೈನರ್ ಕೂರುತ್ತವೆ; ಎಫ್ ಮತ್ತು ಜಿ ಮೇಜರ್ ಹೊರಗಿನವು. ಹಿಂದೋಳದಲ್ಲಿ ಪಂಚಮವೇ ಇಲ್ಲದ್ದರಿಂದ ಸಿ ಕಾರ್ಡ್ ಯಾವ ರೂಪದಲ್ಲೂ ಬೇಡ. ಎಫ್ ಮೈನರ್, ಎ ಫ್ಲ್ಯಾಟ್ ಮೇಜರ್ ಇಟ್ಟುಕೊಳ್ಳಿ. ರಾಗ ಬಿಟ್ಟು ಹೊರಗೆ ಹೋಗಲೇಬಾರದೆಂದಲ್ಲ. ಹೋಗುವುದಾದರೆ ತಿಳಿದು ಹೋಗಿ.

ಶ್ರುತಿಯನ್ನು ನೆಚ್ಚಿನ ಗಾಯಕರಿಂದ ಸಾಲ ತರಬೇಡಿ. ಗಂಡಸರಿಗೆ ಸಾಮಾನ್ಯವಾಗಿ ಸಿ-ಡಿ ಆಸುಪಾಸು, ಹೆಂಗಸರಿಗೆ ಜಿ-ಎ ಆಸುಪಾಸು. ಪಲ್ಲವಿಯನ್ನು ಅರ್ಧರ್ಧ ಮನೆ ಅಂತರದಲ್ಲಿ ಮೂರು ಶ್ರುತಿಯಲ್ಲಿ ಹಾಡಿ, ಚರಣದ ಮೇಲಿನ ಸ್ವರದಲ್ಲಿ ಕುತ್ತಿಗೆಯ ನರ ಉಬ್ಬದೆ ಇರುವುದನ್ನು ಆರಿಸಿ. ಮನೆಯಲ್ಲಿರುವುದು ಹಳೆಯ ಹಾರ್ಮೋನಿಯಂ ಆದರೆ ಅದು ಎ ಸ್ವರಕ್ಕೆ 440 ಹರ್ಟ್ಸ್ ಎಂಬ ಸಾಮಾನ್ಯ ಅಳತೆಗೆ ಸರಿಯಾಗಿ ಇರುವುದು ಅಪರೂಪ. ಟ್ಯೂನರ್ ಆ್ಯಪ್‌ನಲ್ಲಿ ನೋಡಿ, ಗಿಟಾರನ್ನು ಹಾರ್ಮೋನಿಯಂಗೆ ಹೊಂದಿಸಿ. ಹಾರ್ಮೋನಿಯಂ ಗಿಟಾರಿಗೆ ಬಗ್ಗುವುದಿಲ್ಲ. ಜೊತೆಗೆ ತಂಬೂರ ಆ್ಯಪ್ ಹಾಕುವವರು ಅದನ್ನೂ ಅಷ್ಟೇ ಸೆಂಟ್ (ಅರ್ಧ ಮನೆಯ ನೂರನೇ ಒಂದು ಪಾಲು) ಏರಿಸಬೇಕು ಇಲ್ಲವೇ ಇಳಿಸಬೇಕು.

ಚಪ್ಪಡಿ ಮನೆಯಲ್ಲಿ ರೆಕಾರ್ಡಿಂಗ್

ಕಲ್ಲು ಚಪ್ಪಡಿಯ ಮನೆ ಬೇಸಿಗೆಗೆ ತಂಪು, ಮೈಕ್‌ಗೆ ಶತ್ರು. ನಡುಮನೆಯಲ್ಲಿ ನಿಂತು ಒಮ್ಮೆ ಕೈ ತಟ್ಟಿ. 'ಟ್ರಿಂಗ್' ಎಂದು ಬಾಲ ಬಂದರೆ ಅಲ್ಲಿ ಹಾಡಬೇಡಿ. ಸಾಮಾನು ತುಂಬಿದ ಕೋಣೆಗೆ ಹೋಗಿ. ಮೂಲೆಯಲ್ಲಿ ರಾಗಿ ಮೂಟೆ ಇದ್ದರೆ ತೆಗೆಯಬೇಡಿ, ಅದು ಕೆಲಸ ಮಾಡುತ್ತಿರುತ್ತದೆ. ಹತ್ತಿ ಹಾಸಿಗೆ ಒಂದನ್ನು ಹಾಡುವವರ ಬೆನ್ನ ಹಿಂದೆ ನಿಲ್ಲಿಸಿ, ಎರಡೂ ಪಕ್ಕಕ್ಕೆ ಕೌದಿ ತೂಗುಹಾಕಿ. ಎಲ್ಲರೂ ಮೈಕ್‌ನ ಹಿಂದೆ ಬಟ್ಟೆ ಕಟ್ಟುತ್ತಾರೆ. ಆದರೆ ಹಾಡಿನ ಮೈಕ್ ಮುಂದಿನಿಂದ ಬಂದದ್ದನ್ನೇ ಹೆಚ್ಚು ಹಿಡಿಯುವುದು, ಅದರ ಮುಂದಿರುವುದು ನಿಮ್ಮ ಬಾಯಿ ಮತ್ತು ನಿಮ್ಮ ಬೆನ್ನ ಹಿಂದಿನ ಗೋಡೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವುದು ದಂಡ.

ಕಂಡೆನ್ಸರ್ ಮೈಕ್‌ಗೆ ಇಂಟರ್‌ಫೇಸ್‌ನಲ್ಲಿ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) 48 ವೋಲ್ಟ್ ಸ್ವಿಚ್ ಹಾಕಬೇಕು, ಇಲ್ಲದಿದ್ದರೆ ದನಿ ಬರುವುದಿಲ್ಲ. ಈ ಮೈಕ್ ಪಕ್ಕದ ಮನೆಯ ಮಿಕ್ಸಿಯನ್ನೂ ಕೇಳುತ್ತದೆ. ಸದ್ದಿರುವ ಮನೆಗೆ ವೇದಿಕೆಯ ಡೈನಮಿಕ್ ಮೈಕೇ ವಾಸಿ. ಕಂಡೆನ್ಸರ್‌ಗೆ ಬಾಯಿಯಿಂದ ಒಂದು ಗೇಣು ದೂರ, ಡೈನಮಿಕ್‌ಗೆ ಅರ್ಧ ಗೇಣು. ಹತ್ತಿರ ಹೋದಷ್ಟೂ ದನಿ ದಪ್ಪಗಾಗುತ್ತದೆ. ಚರಣದಲ್ಲಿ ಹತ್ತಿರ, ಪಲ್ಲವಿಯಲ್ಲಿ ದೂರ ಎಂದು ಓಲಾಡಿದರೆ ಎರಡು ಬೇರೆ ಜನ ಹಾಡಿದಂತೆ ಕೇಳುತ್ತದೆ. 'ಬರದ' ಥರ ಬಕಾರ, ಪಕಾರದಿಂದ ಶುರುವಾಗುವ ಸಾಲಿಗೆ ಗಾಳಿ ಬಡಿದು 'ಧಪ್' ಎನ್ನುತ್ತದೆ. ಮೈಕನ್ನು ಬಾಯಿಗೆ ನೇರ ಇಡದೆ ಕೆನ್ನೆಯ ಕಡೆ ಸ್ವಲ್ಪ ಸರಿಸಿ, ಗಾಳಿ ಪಕ್ಕಕ್ಕೆ ಹೋಗುತ್ತದೆ.

24 ಬಿಟ್, 48 ಕಿಲೋಹರ್ಟ್ಸ್ ಇಟ್ಟು, ಅತಿ ಗಟ್ಟಿಯಾದ ಸಾಲಿಗೆ ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ನಿಲ್ಲುವಂತೆ ಗೇನ್ ಹಾಕಿ. ಬ್ಲೂಟೂತ್ ಇಯರ್‌ಫೋನ್ ಬೇಡವೇ ಬೇಡ. ಅದರಲ್ಲಿ ತಾಳ ತೋರಿಸುವ ಕ್ಲಿಕ್ ತಡವಾಗಿ ಕೇಳುತ್ತದೆ, ನೀವು ಅದಕ್ಕೆ ಹೊಂದಿ ಹಾಡುತ್ತೀರಿ, ಕೊನೆಗೆ ಪೂರ್ತಿ ಹಾಡು ತಾಳದ ಹಿಂದೆ ಬಿದ್ದಿರುತ್ತದೆ.

ಕ್ಲಿಕ್‌ನದೇ ಇನ್ನೊಂದು ಗೊಂದಲ. ನಮ್ಮ ಹನ್ನೆರಡು ಮಾತ್ರೆಯ ಸಾಲಿಗೆ ನಾಲ್ಕು ಪೆಟ್ಟು, ಒಂದೊಂದರಲ್ಲಿ ಮೂರು ಮಾತ್ರೆ. ನಿಮಿಷಕ್ಕೆ 90 ಪೆಟ್ಟು ಬೇಕೆಂದುಕೊಳ್ಳಿ. ಸಾಫ್ಟ್‌ವೇರ್‌ನಲ್ಲಿ 6/8 ಆರಿಸಿ 90 ಎಂದು ಹಾಕಿದರೆ ಹಾಡು ಎಳೆದಂತಾಗುತ್ತದೆ, ಏಕೆಂದರೆ ಹಲವು ಸಾಫ್ಟ್‌ವೇರ್‌ಗಳು ಎರಡು ಮಾತ್ರೆಗೆ ಒಂದು ಬೀಟ್ ಎಂದು ಲೆಕ್ಕ ಹಿಡಿಯುತ್ತವೆ. ಒಂದೂವರೆಯಿಂದ ಗುಣಿಸಿ 135 ಹಾಕಿ.

ಹೊತ್ತು ಯಾವುದು? ಬೆಳಗಿನ ಜಾವ ದೇವಸ್ಥಾನದ ಮೈಕು, ಹಗಲು ಗಾಡಿಗಳು, ರಾತ್ರಿ ನಾಯಿ. ತೋಟದ ಮನೆಯಲ್ಲಿ ತ್ರೀಫೇಸ್ ಕರೆಂಟು ಬಂದ ಕೂಡಲೇ ಬೋರ್‌ವೆಲ್ ಮೋಟಾರು ಗುಂಯ್ ಎನ್ನುತ್ತದೆ. ಕರೆಂಟಿನ ಪಾಳಿ ಕೇಳಿಕೊಂಡು ಅದಿಲ್ಲದ ಹೊತ್ತು ಆರಿಸಿ. ಲ್ಯಾಪ್‌ಟಾಪನ್ನು ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿದರೆ, ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಬರುವ 50 ಹರ್ಟ್ಸ್ ಗುಂಯ್‌ಗುಡುವಿಕೆ ಬಹುಪಾಲು ಹೋಗುತ್ತದೆ.

ಪೂರ್ತಿ ಹಾಡನ್ನು ನಾಲ್ಕು ಸಲ ಹಾಡಿ, ಆಮೇಲೆ ಸಾಲುಸಾಲಾಗಿ ಒಳ್ಳೆಯದನ್ನು ಆರಿಸಿ. ಪಿಚ್ ತಿದ್ದುವ ಸಾಧನವನ್ನು ಪೂರ್ತಿ ಹಾಡಿನ ಮೇಲೆ ಹಾಕಬೇಡಿ. ಎರಡು ಸ್ವರದ ನಡುವೆ ಓಡಾಡುವ ಗಮಕ ಅದಕ್ಕೆ ತಪ್ಪಾಗಿ ಕಾಣುತ್ತದೆ, ಇಸ್ತ್ರಿ ಹಾಕಿಬಿಡುತ್ತದೆ. ನಿಜವಾಗಿ ಜಾರಿದ ಸ್ವರವನ್ನಷ್ಟೇ ಕೈಯಾರೆ ತಿದ್ದಿ.

ತಮಟೆ ಹಿಡಿಯುವುದು

ತಮಟೆಯ ಲೂಪ್ ಅಂತರ್ಜಾಲದಲ್ಲಿ ಸಿಗುತ್ತದೆ. ಪಕ್ಕದ ಕೇರಿಯಲ್ಲಿ ನುಡಿಸುವವರಿರುವಾಗ ಲೂಪ್ ಹಾಕುವುದು ಸೋಮಾರಿತನ. ಚರ್ಮದ ತಮಟೆಯನ್ನು ಬೆಂಕಿಗೆ ಕಾಯಿಸಿ ಬಿಗಿ ಮಾಡುತ್ತಾರೆ. ಆರಿದಂತೆ ಚರ್ಮ ಸಡಿಲಾಗಿ ದನಿ ಇಳಿಯುತ್ತದೆ. ಮೊದಲ ಟೇಕ್‌ನ ಪಲ್ಲವಿಯನ್ನೂ ಐದನೇ ಟೇಕ್‌ನ ಚರಣವನ್ನೂ ಕತ್ತರಿಸಿ ಜೋಡಿಸಿದರೆ ಎರಡು ಬೇರೆ ತಮಟೆಗಳಂತೆ ಕೇಳುವುದು ಇದಕ್ಕೇ. ಎರಡು ಟೇಕ್‌ಗೊಮ್ಮೆ ನಿಲ್ಲಿಸಿ, ಮತ್ತೆ ಕಾಯಿಸಿ, ಹಿಂದಿನ ಟೇಕ್ ಕೇಳಿಸಿ ದನಿ ಹೊಂದಿಸಿಕೊಳ್ಳಿ. ಫೈಬರ್ ಹಾಳೆಯ ತಮಟೆಗೆ ಈ ತಾಪತ್ರಯವಿಲ್ಲ, ಆದರೆ ಅದರ ದನಿ ಒಣಕಲು.

ಇದನ್ನು ಕೋಣೆಯೊಳಗೆ ಹಿಡಿಯಬೇಡಿ. ಬಯಲ ವಾದ್ಯ, ಬಯಲಲ್ಲೇ ಹಿಡಿಯಿರಿ: ಹಿತ್ತಿಲು, ಕಣ, ಗಾಳಿ ಏಳುವ ಮುಂಚಿನ ಬೆಳಿಗ್ಗೆ. ಮೈಕ್ ಎರಡು ಮೊಳ ದೂರ, ಚರ್ಮದ ನಡುವಿಗೆ ಗುರಿ ಇಡದೆ ಅಂಚಿನ ಕಡೆಗೆ ಓರೆಯಾಗಿ. ಗಾಳಿಗೆ ಸ್ಪಂಜಿನ ಟೊಪ್ಪಿ ಹಾಕಿ. ಸಣ್ಣ ಕಡ್ಡಿಯ ಚಿಟಿಚಿಟಿ ಕಳೆದುಹೋದರೆ ಮೈಕನ್ನು ಆ ಕೈಯ ಕಡೆಗೆ ತಿರುಗಿಸಿ. ತಮಟೆಯವರಿಗೆ ಕ್ಲಿಕ್ ಕೊಟ್ಟು ಕಟ್ಟಿಹಾಕುವುದಕ್ಕಿಂತ ನಿಮ್ಮ ಕಚ್ಚಾ ಹಾಡನ್ನೇ ಹೆಡ್‌ಫೋನ್‌ನಲ್ಲಿ ಕೊಡಿ. ಅವರು ಮಾತಿಗೆ ನುಡಿಸುವವರು, ಟಿಕ್‌ಟಿಕ್‌ಗಲ್ಲ.

ಮಿಕ್ಸ್‌ಗೆ ಹೆಚ್ಚು ಹೇಳುವುದಿಲ್ಲ. ದನಿಯ ಟ್ರ್ಯಾಕ್‌ನಲ್ಲಿ 80-100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಮಾತು ಮೇಲೆ ನಿಲ್ಲುವಂತೆ ಇಟ್ಟು, ಫೋನಿನ ಸ್ಪೀಕರ್‌ನಲ್ಲೂ ಒಂದು ಆಟೋದಲ್ಲೂ ಕೇಳಿ. ಕೊನೆಯ ಮಟ್ಟ ಮೈನಸ್ 14 ಎಲ್‌ಯುಎಫ್‌ಎಸ್ (ಹಾಡಿನ ಒಟ್ಟು ಗಟ್ಟಿತನದ ಅಳತೆ) ಆಸುಪಾಸು, ಟ್ರೂ ಪೀಕ್ ಮೈನಸ್ 1 ಡೆಸಿಬೆಲ್ ದಾಟದಿರಲಿ.

ಬಿಡುಗಡೆ ಮತ್ತು ಕಾಗದಪತ್ರ

ಇಲ್ಲಿ ಸಾಲದ ಪಟ್ಟಿ ಮತ್ತೆ ಕೈಗೆ ಬರುತ್ತದೆ. ಬೇರೆಯವರ ಕವಿತೆಗೆ ರಾಗ ಹಾಕಿದ್ದರೆ ಕವಿ ತೀರಿಕೊಂಡ ವರ್ಷ ನೋಡಿ. ಭಾರತದಲ್ಲಿ ಆ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಇರುತ್ತದೆ. ಮುಳಬಾಗಿಲಿನ ಡಿವಿಜಿ 1975ರಲ್ಲಿ ತೀರಿಕೊಂಡರು, 2035 ಮುಗಿಯುವವರೆಗೆ ಅನುಮತಿ ಬೇಕು. ಮಾಸ್ತಿ 1986, ಅಂದರೆ 2046 ಮುಗಿಯಬೇಕು. ಶ್ರೀಪಾದರಾಜರ ಪದಕ್ಕೆ ಯಾರನ್ನೂ ಕೇಳಬೇಕಿಲ್ಲ, ಆದರೆ ಇನ್ನೊಬ್ಬರು ಹಾಕಿದ ಹೊಸ ಧಾಟಿ ಅವರದು. ಜನಪದ ಪದಕ್ಕೂ ಹೀಗೆಯೇ: ಪದ ಎಲ್ಲರದು, ಒಬ್ಬರು ಮಾಡಿದ ರೆಕಾರ್ಡಿಂಗ್ ಅವರದು. ಅಜ್ಜಿಯೊಬ್ಬರ ಬಾಯಿಂದ ಕಲಿತಿದ್ದರೆ ಒಪ್ಪಿಗೆ ಕೇಳಿ ಹೆಸರು, ಊರು ಹಾಕಿ.

ನಿಮ್ಮ ಹಾಡಿಗೆ ಹಕ್ಕು ಬರೆದ ಕ್ಷಣದಿಂದಲೇ ಇದೆ, ನೋಂದಣಿ ಕಡ್ಡಾಯವಲ್ಲ. ಆಡಿಯೋ ಕಂಪನಿಗೆ ಕೊಡುವುದಾದರೆ ಬರಹದಲ್ಲಿ, ಸಹಿ ಇದ್ದರೆ ಮಾತ್ರ ಹಕ್ಕು ವರ್ಗ. ಎಷ್ಟು ವರ್ಷ ಎಂದು ಬರೆಯದಿದ್ದರೆ ಕಾನೂನಿನಲ್ಲಿ ಐದು ವರ್ಷ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅದಕ್ಕೇ ಅವರ ಕಾಗದದಲ್ಲಿ 'ಶಾಶ್ವತ', 'ಜಗತ್ತಿನಾದ್ಯಂತ' ಎಂಬ ಪದಗಳಿರುತ್ತವೆ. ಓದದೆ ಸಹಿ ಹಾಕಬೇಡಿ. ಸಾಹಿತ್ಯ, ಸಂಗೀತದ ರಾಯಧನಕ್ಕೆ ಅದನ್ನು ವಸೂಲಿ ಮಾಡಿ ಹಂಚುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಬಹುದು.

ನೀವೇ ಬಿಡುವುದಾದರೆ, ಆ್ಯಪ್‌ಗಳಿಗೆ ಹಾಡು ತಲುಪಿಸುವ ಡಿಸ್ಟ್ರಿಬ್ಯೂಟರ್‌ಗೆ ವೇವ್ ಫೈಲ್, 3000×3000 ಪಿಕ್ಸೆಲ್‌ನ ಮುಖಪುಟ ಚಿತ್ರ, ರೆಕಾರ್ಡಿಂಗ್‌ನ ಗುರುತಾದ ಹನ್ನೆರಡು ಅಕ್ಷರದ ಐಎಸ್‌ಆರ್‌ಸಿ ಸಂಖ್ಯೆ ಬೇಕು. ಸಂಖ್ಯೆಯನ್ನು ಹೆಚ್ಚಿನವರು ತಾವೇ ಕೊಡುತ್ತಾರೆ. ಬಿಡುಗಡೆಗೆ ಮೂರು-ನಾಲ್ಕು ವಾರ ಮುಂಚೆ ಕಳಿಸಿ. ನಿಮ್ಮ ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ ಮೊದಲ ಹಾಡಿನಲ್ಲಿ ಹೇಗೋ ಮುಂದೆಯೂ ಹಾಗೆಯೇ ಇರಲಿ. ಒಂದು ಅಕ್ಷರ ಬದಲಾದರೆ ಆ್ಯಪ್‌ಗಳಲ್ಲಿ ಇಬ್ಬರು ಗಾಯಕರಾಗುತ್ತೀರಿ. ಬಿಟ್ಟಿ ಲೂಪ್ ಬಳಸಿದ್ದರೆ ಅದೇ ಲೂಪ್ ಹಾಕಿ ಮೊದಲೇ ನೋಂದಾಯಿಸಿದವರಿಂದ ಯೂಟ್ಯೂಬ್‌ನಲ್ಲಿ ಕ್ಲೇಮ್ ಬರಬಹುದು.

ತಮಟೆಯವರ ಜೊತೆ ಒಂದು ಹಾಳೆಯ ಕನ್ನಡ ಕರಾರು ಮಾಡಿಕೊಳ್ಳಿ: ಹಾಡಿನ ಹೆಸರು, ದಿನಾಂಕ, ಒಂದೇ ಸಲದ ಹಣವೋ ಪಾಲೋ, ಪಾಲಾದರೆ ಶೇಕಡಾ ಎಷ್ಟು, ಹೆಸರು ಎಲ್ಲಿ ಬರುತ್ತದೆ. ಹಣವನ್ನು ನುಡಿಸಿದ ದಿನವೇ ಕೊಡಿ. ಹಾಡು ಬಂದ ದಿನ ಲಿಂಕ್ ಕಳಿಸುವುದರ ಜೊತೆಗೆ ಎಂಪಿ3 ಫೈಲನ್ನೂ ಕಳಿಸಿ, ಅದು ಪೆನ್‌ಡ್ರೈವ್‌ಗೆ ಹೋಗಿ ಮುಂದಿನ ಜಾತ್ರೆಯ ಟೆಂಪೋದಲ್ಲಿ ಓಡುತ್ತದೆ. ಮೂಲ ಟ್ರ್ಯಾಕ್‌ಗಳನ್ನು ಎರಡು ಕಡೆ ಉಳಿಸಿ, ಫೋಲ್ಡರ್ ಹೆಸರಿನಲ್ಲೇ ಹಾಡು, ಶ್ರುತಿ, ಟೆಂಪೋ ಸೇರಿಸಿ: 'ಕೆರೆ ಏರಿ, ಡಿ, 135'. ಎರಡು ವರ್ಷದ ಮೇಲೆ ಯಾರೋ ವೇದಿಕೆಗೆ ಕರೆದಾಗ ಹಾರ್ಮೋನಿಯಂನವರು ಮೊದಲು ಕೇಳುವುದು ಶ್ರುತಿ ಎಷ್ಟು ಎಂದೇ.